ಅಲೆಗೆ ಜಗ್ಗದ ಮಂಜುಗಡ್ಡೆ

ಲಂಡನ್ನಿನ ಉತ್ತರಕ್ಕಿರುವ ಮಿಲ್ ಹಿಲ್‌ನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಇತ್ತು. 1950ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ವಿಚಿತ್ರ ಕೆಲಸವೊಂದು ನಡೆದಿತ್ತು. ಹ್ಯಾಮ್‌ಸ್ಟರ್ ಎಂಬ ಅಂಗೈಯಗಲದ ಇಲಿಜಾತಿಯ ಪ್ರಾಣಿಯನ್ನು, ಉಸಿರು ನಿಂತು ಎದೆಬಡಿತವೂ ನಿಲ್ಲುವವರೆಗೆ ತಣ್ಣಗೆ ಮಾಡುತ್ತಿದ್ದರು. ಮೈ ಶೂನ್ಯ ಡಿಗ್ರಿಗಿಂತ ಕೆಳಗಿಳಿದು, ಒಳಗಿನ ನೀರಿನಲ್ಲಿ ಒಂದಿಷ್ಟು ಮಂಜಾಗುತ್ತಿತ್ತು. ಆಮೇಲೆ ಅದನ್ನು ಮತ್ತೆ ಬದುಕಿಸಲು ನೋಡುತ್ತಿದ್ದರು. ಆಡ್ರೆ ಸ್ಮಿತ್, ಆಲನ್ ಪಾರ್ಕ್ಸ್ ಮತ್ತು ಜೇಮ್ಸ್ ಲವ್‌ಲಾಕ್ ಈ ಕೆಲಸದಲ್ಲಿದ್ದ ಮುಖ್ಯರು.

ತಣ್ಣಗೆ ಮಾಡುವುದು ಸುಲಭವಿತ್ತು, ತೊಡಕೆಲ್ಲ ಕಾಯಿಸುವುದರಲ್ಲಿತ್ತು. ಮೈಯನ್ನು ಹೊರಗಿನಿಂದ ಬೆಚ್ಚಗೆ ಮಾಡಿದರೆ ಮೊದಲು ಚರ್ಮ ಎಚ್ಚರಗೊಂಡು ಆಮ್ಲಜನಕ ಬೇಡುತ್ತದೆ. ಆದರೆ ಅದನ್ನು ತಂದುಕೊಡಬೇಕಾದ ಗುಂಡಿಗೆ ಇನ್ನೂ ಮಂಜಿನಲ್ಲೇ ಇರುತ್ತದೆ. ಹಾಗಾಗಿ ಗುಂಡಿಗೆಯೇ ಮೊದಲು ಬಿಸಿಯಾಗಬೇಕು. ಅದಕ್ಕೆ ಅವರು ಹಿಡಿದ ದಾರಿ, ಕಾಯಿಸಿದ ಲೋಹದ ಚಮಚವನ್ನು ಪ್ರಾಣಿಯ ಎದೆಗೆ ಒತ್ತುವುದು. ಪ್ರಾಣಿ ಏಳುತ್ತಿತ್ತು ನಿಜ, ಎದೆಯ ಮೇಲೆ ಸುಟ್ಟ ಗಾಯ ಹೊತ್ತುಕೊಂಡು ಏಳುತ್ತಿತ್ತು. ಇದು ಲವ್‌ಲಾಕ್‌ಗೆ ಸಹಿಸಲಾಗಲಿಲ್ಲ. ಚರ್ಮ ಸುಡದೆ ಒಳಗೇ ಬಿಸಿ ಹುಟ್ಟಿಸುವ ಉಪಾಯ ಹುಡುಕಹೊರಟವನ ಕೈಗೆ ಸಿಕ್ಕಿದ್ದು ಯುದ್ಧಕಾಲದ ರೇಡಾರ್ ಕೊಳವೆ, ಅಂದರೆ ಮ್ಯಾಗ್ನೆಟ್ರಾನ್.

ಮೈಕ್ರೋವೇವ್ ಓವನ್ನಿನ ಕತೆ ಹೇಳುವವರೆಲ್ಲ ಅಮೆರಿಕದ ಪರ್ಸಿ ಸ್ಪೆನ್ಸರನ ಜೇಬಿನಲ್ಲಿ ಕರಗಿದ ಮಿಠಾಯಿಯಿಂದ ಶುರುಮಾಡುತ್ತಾರೆ. ನಾನೂ ಅಲ್ಲಿಗೆ ಬರುತ್ತೇನೆ. ಆದರೆ ಗಡ್ಡೆಕಟ್ಟಿದ್ದನ್ನು ಕರಗಿಸುವ ಮಾತು ಬಂದರೆ ಕತೆ ಈ ಹ್ಯಾಮ್‌ಸ್ಟರ್‌ನಿಂದಲೇ ಶುರುವಾಗಬೇಕು. ಬಿಸಿ ಮಾಡುವುದು ಬೇರೆ, ಕರಗಿಸುವುದು ಬೇರೆ ಎಂಬುದು ಮೊದಲು ಚೆನ್ನಾಗಿ ಗೊತ್ತಾಗಿದ್ದು ಇಂಥ ಪ್ರಯೋಗಶಾಲೆಗಳಲ್ಲಿ. ನಮ್ಮ ಅಡುಗೆಮನೆಗಳಿಗೆ ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಘಟಪ್ರಭೆಯ ಸೀಮೆಯ ಮಸಗುಪ್ಪಿಯಂಥ ಊರಿನ ಮಾತನ್ನೇ ತೆಗೆದುಕೊಳ್ಳಿ. ಕಬ್ಬು, ಗೋವಿನಜೋಳ, ಅರಿಷಿಣ ಬೆಳೆವ ನೆಲ. ಜೋಳದ ರೊಟ್ಟಿ ಬಡಿಯಲು ಒಲೆ ಬೇಕೇ ಬೇಕು, ಶೇಂಗಾ ಹೋಳಿಗೆಗೆ ಫ್ರಿಜ್ಜೂ ಬೇಡ. ಆದರೂ ಪುಣೆ, ಬೆಂಗಳೂರುಗಳಲ್ಲಿ ನೌಕರಿ ಹಿಡಿದ ಮಕ್ಕಳು ಮನೆ ಕಟ್ಟಿಸುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಓವನ್ ತಂದಿಡುತ್ತಾರೆ. "ಬೆಂಕೀನೂ ಇಲ್ಲ, ಕೆಂಡಾನೂ ಇಲ್ಲ, ಇದು ಹೆಂಗ ಬಿಸಿ ಮಾಡ್ತತೋ ತಮ್ಮಾ?" ಎಂದು ನಮ್ಮ ದೊಡ್ಡವ್ವ ಕೇಳಿದ್ದು ಸರಿಯಾದ ಪ್ರಶ್ನೆಯೇ. ತಮ್ಮನಿಗೆ ಉತ್ತರ ಗೊತ್ತಿರಲಿಲ್ಲ. "ಕರೆಂಟಿನ ಮ್ಯಾಲ ದೊಡ್ಡವ್ವಾ" ಎಂದ. ಅದು ಉತ್ತರವಲ್ಲ, ಬಿಲ್ಲಿನ ಮಾತು.

ಹಬ್ಬಕ್ಕೆ ಮಾಡಿ ಉಳಿದ ಕಡ್ಲಿಬ್ಯಾಳಿ ಹೂರಣವನ್ನು ಡಬ್ಬಿಯಲ್ಲಿ ಒತ್ತಿ ತುಂಬಿ ಫ್ರೀಜರಿಗೆ ಹಾಕಿರುತ್ತಾರೆ. ಮಕ್ಕಳು ಬಂದ ದಿನ ಆ ಗಡ್ಡೆಯನ್ನು ಗಾಜಿನ ಬಟ್ಟಲಿಗೆ ಬೀಳಿಸಿ, ಪೂರ್ತಿ ಜೋರಿನಲ್ಲಿ ಓವನ್ ತಿರುಗಿಸಿಬಿಡುತ್ತಾರೆ. ತೆಗೆದು ನೋಡಿದರೆ ಅಂಚಿನಲ್ಲಿ ಬೆಲ್ಲ ಕುದಿದು, ಕಂದಿ, ಬಟ್ಟಲಿಗೆ ಹತ್ತಿಕೊಂಡಿರುತ್ತದೆ. ಒಂದಂಗುಲ ಒಳಗೆ ಬೆರಳಿಟ್ಟರೆ ಬೆಚ್ಚಗೆ, ಇನ್ನೂ ಒಳಗೆ ಚಮಚ ಚುಚ್ಚಿದರೆ ಟಕ್ ಎಂದು ಕಲ್ಲಿಗೆ ತಾಗಿದ ಸದ್ದು. ಒಂದೇ ಬಟ್ಟಲಿನಲ್ಲಿ ಕುದಿಯುವ ಪಾಕ, ಗಟ್ಟಿ ಮಂಜು. ಓವನ್ ಕೆಟ್ಟಿದೆಯೆಂದು ಬೈಯುವುದು ಸಾಮಾನ್ಯ. ಓವನ್ ಕೆಟ್ಟಿರುವುದಿಲ್ಲ, ನೀರೂ ಮಂಜೂ ತಮ್ಮ ತಮ್ಮ ಸ್ವಭಾವದಂತೆ ನಡೆದುಕೊಂಡಿರುತ್ತವೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಓವನ್ನಿನೊಳಗೆ ಓಡಾಡುವಂಥ ಕಿರಿದಾದ ರೇಡಿಯೋ ಅಲೆಗಳನ್ನು ಹುಟ್ಟಿಸಿ ಪಳಗಿಸಿದವರಲ್ಲಿ ಮೊದಲಿಗರ ಸಾಲಿನಲ್ಲಿ ನಮ್ಮ ಜಗದೀಶಚಂದ್ರ ಬೋಸರಿದ್ದಾರೆ. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಅವರು ಮಿಲಿಮೀಟರ್ ಅಳತೆಯ ಅಲೆಗಳನ್ನು ಗೋಡೆ ದಾಟಿಸಿ ದೂರದ ಗಂಟೆ ಬಾರಿಸಿ ತೋರಿಸಿದರು. ಆದರೆ ಆ ಅಲೆಗಳಲ್ಲಿ ಅನ್ನ ಬಿಸಿ ಮಾಡುವಷ್ಟು ಕಸುವಿರಲಿಲ್ಲ. ಕಸುವು ಬಂದದ್ದು ಯುದ್ಧದಿಂದ. 1940ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ತಾಮ್ರದ ದಿಮ್ಮಿಯೊಂದರಲ್ಲಿ ಸುತ್ತಲೂ ಆರು ತೂತು ಕೊರೆದು, ನಡುವೆ ಬಿಸಿ ತಂತಿಯಿಟ್ಟು, ಅಯಸ್ಕಾಂತದ ಬಾಯಿಗೆ ಕೊಟ್ಟರು. ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ನೇರ ಹೋಗಲಾರದೆ ಸುತ್ತುತ್ತ, ಆ ತೂತುಗಳ ಬಾಯಿ ಸವರಿಕೊಂಡು ಹೋಗುವಾಗ ಅಲೆ ಹುಟ್ಟಿತು. ಅಲೆಯುದ್ದ ಹತ್ತು ಸೆಂಟಿಮೀಟರಿಗೆ ತುಸು ಕಡಿಮೆ, ಶಕ್ತಿ ನೂರಾರು ವ್ಯಾಟ್. ಅಲ್ಲಿಯವರೆಗೆ ಆ ಅಳತೆಯ ಅಲೆಯಲ್ಲಿ ಅಷ್ಟು ಶಕ್ತಿ ತೆಗೆಯಬಲ್ಲ ಸಾಧನ ಅವರ ಕೈಯಲ್ಲಿರಲಿಲ್ಲ. ಅದೇ ವರ್ಷ ಆ ಕೊಳವೆ ಪೆಟ್ಟಿಗೆಯೊಂದರಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಯಿತು. ರಾಶಿ ರಾಶಿಯಾಗಿ ಅದನ್ನು ತಯಾರಿಸಿದ ಕಂಪನಿಗಳಲ್ಲಿ ಒಂದು ರೇಥಿಯಾನ್.

ರೇಥಿಯಾನಿನಲ್ಲಿದ್ದವನು ಪರ್ಸಿ ಸ್ಪೆನ್ಸರ್. ಮೇನ್ ಪ್ರಾಂತ್ಯದ ಹೌಲ್ಯಾಂಡ್ ಎಂಬ ಹಳ್ಳಿಯಲ್ಲಿ 1894ರಲ್ಲಿ ಹುಟ್ಟಿ, ಸಣ್ಣ ವಯಸ್ಸಿನಲ್ಲೇ ಶಾಲೆ ಬಿಟ್ಟು ಗಿರಣಿ ಸೇರಿದವನು. ಮುಂದೆ ನೌಕಾಪಡೆಯಲ್ಲಿ ರೇಡಿಯೋ ಕೆಲಸ ಕಲಿತ. ಮ್ಯಾಗ್ನೆಟ್ರಾನಿನ ಮುಂದೆ ನಿಂತಿದ್ದಾಗ ಅವನ ಜೇಬಿನ ಮಿಠಾಯಿ ಕರಗಿದ್ದು ಎಲ್ಲರೂ ಬಲ್ಲ ಕತೆ. ಚಾಕೊಲೇಟ್ ಎಂದು ಹಲವರು ಬರೆಯುತ್ತಾರೆ. ಅದು ಅಳಿಲಿಗೆ ಹಾಕಲೆಂದು ಇಟ್ಟುಕೊಂಡಿದ್ದ ಶೇಂಗಾ ಮಿಠಾಯಿ ಎಂಬುದು ಅವನ ಮನೆಯವರ ಮಾತು. ಗೋಕಾಕ ಸೀಮೆಯವನಾಗಿ ನಾನು ಶೇಂಗಾದ ಪಕ್ಷವೇ. ಕೊಳವೆಯ ಹತ್ತಿರ ಬೆಚ್ಚಗಾಗುವುದನ್ನು ಬೇರೆ ಎಂಜಿನಿಯರರೂ ಕಂಡಿದ್ದರು. ಸ್ಪೆನ್ಸರ್ ಮಾತ್ರ ಗೋವಿನಜೋಳದ ಕಾಳು ತರಿಸಿ ಮುಂದೆ ಹಿಡಿದ, ಅರಳಾಯಿತು. ಮರುದಿನ ಇಡೀ ಮೊಟ್ಟೆ ಇಟ್ಟ, ಬಗ್ಗಿ ನೋಡುತ್ತಿದ್ದವನ ಮುಖದ ಮೇಲೆ ಸಿಡಿಯಿತು ಎನ್ನುತ್ತಾರೆ. ಸಿಪ್ಪೆಯೊಳಗೆ ಆವಿ ಕಟ್ಟಿಕೊಂಡರೆ ದಾರಿಯಿಲ್ಲದೆ ಸಿಡಿಯುತ್ತದೆ ಎಂಬ ಪಾಠ ಹೀಗೆ ಓವನ್ ಹುಟ್ಟುವ ಮೊದಲೇ ಸಿಕ್ಕಿತ್ತು. ಇವತ್ತಿಗೂ ಸಿಪ್ಪೆಸಮೇತ ಮೊಟ್ಟೆ ಇಟ್ಟು ಮುಖ ಸುಟ್ಟುಕೊಳ್ಳುವವರಿದ್ದಾರೆ. ಬೇಯಿಸಿದ ಮೊಟ್ಟೆಯನ್ನು ಇಡಿಯಾಗಿ ಬಿಸಿ ಮಾಡಿದರೂ ಅದೇ ಗತಿ. ಆಲೂಗಡ್ಡೆ, ಬದನೆಕಾಯಿಗಳಿಗೆ ಒಳಗಿಡುವ ಮೊದಲು ನಾಲ್ಕು ಕಡೆ ಚುಚ್ಚಬೇಕು.

1945ರ ಅಕ್ಟೋಬರಿನಲ್ಲಿ ಸ್ಪೆನ್ಸರ್ ಪೇಟೆಂಟ್ ಅರ್ಜಿ ಹಾಕಿದ. 1947ರಲ್ಲಿ ರೇಡಾರೇಂಜ್ ಎಂಬ ಓವನ್ ಮಾರುಕಟ್ಟೆಗೆ ಬಂತು. ಆಳೆತ್ತರ, ಸುಮಾರು 340 ಕಿಲೋ ತೂಕ, ಮ್ಯಾಗ್ನೆಟ್ರಾನ್ ತಣ್ಣಗಿಡಲು ನಲ್ಲಿ ನೀರಿನ ಕೊಳವೆ, ಬೆಲೆ ಐದು ಸಾವಿರ ಡಾಲರಿನ ಆಸುಪಾಸು. ಹಡಗು, ಹೋಟೆಲಿನವರನ್ನು ಬಿಟ್ಟರೆ ಅದನ್ನು ಕೊಳ್ಳುವವರಿರಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂರುವ ಓವನ್ 1967ರಲ್ಲಿ ಅಮಾನಾ ಹೆಸರಿನಲ್ಲಿ 495 ಡಾಲರಿಗೆ ಬರುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು.

ರೇಡಾರೇಂಜ್ ಬಂದ ಅದೇ 1947ರಲ್ಲಿ, ಒಂದು ತಿಂಗಳ ಹಡಗಿನ ಪ್ರಯಾಣ ಮಾಡಿ ಕನ್ನಡದ ಹೆಣ್ಣುಮಗಳೊಬ್ಬರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾದವರು. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದ್ದರು. ಮಿಶಿಗನ್ನಿನಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಶಾಲೆ ಕಟ್ಟಿದರು. ದೇಶದಲ್ಲಿ ಈ ವಿಷಯಕ್ಕೆ ತಳಪಾಯ ಹಾಕಿದ ಕೆಲಸ ಅದು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ನೆನೆಯುತ್ತಾರೆ. ಅವರ ಕೆಲಸವಿದ್ದದ್ದು ರೇಡಾರಿನ, ಆಂಟೆನಾದ ಅಲೆಗಳ ಮೇಲೆ, ಹೂರಣದ ಮೇಲಲ್ಲ. ಆದರೆ ಲೋಹದ ಗೋಡೆಗಳ ನಡುವೆ ಅಲೆ ಹೇಗೆ ನಡೆಯುತ್ತದೆ, ಎಲ್ಲಿ ಬಲವಾಗುತ್ತದೆ, ಎಲ್ಲಿ ಸೊನ್ನೆಯಾಗುತ್ತದೆ ಎಂಬ ಗಣಿತವೇ ಓವನ್ನಿನ ಒಳಗೂ ನಡೆಯುವುದು. ಅದೇ ಊರಿನ ಬಿಇಎಲ್ ಕಾರ್ಖಾನೆಯಲ್ಲಿ ರೇಡಾರಿನ ಮ್ಯಾಗ್ನೆಟ್ರಾನುಗಳೂ ತಯಾರಾದವು. ಮೈಕ್ರೋವೇವ್ ಎಂದರೆ ಎಲ್ಲೋ ಹೊರಗಿನಿಂದ ಬಂದ ಮಾಯೆ ಎಂದುಕೊಂಡವರಿಗೆ ಇದು ಗೊತ್ತಿರಲಿ ಎಂದು ಇಷ್ಟು ಹೇಳಿದೆ.

ಆ ಗಣಿತವನ್ನು ಒಂದು ಹಪ್ಪಳದಲ್ಲಿ ನೋಡಬಹುದು. ಓವನ್ನಿನ ತಿರುಗುವ ತಟ್ಟೆಯನ್ನು ತಿರುಗದಂತೆ ಮಾಡಿ ಉದ್ದಿನ ದೊಡ್ಡ ಹಪ್ಪಳವೊಂದನ್ನಿಟ್ಟು ಕೆಲವೇ ಸೆಕೆಂಡು ಓಡಿಸಿದರೆ, ಅದು ಎಲ್ಲ ಕಡೆ ಅರಳುವುದಿಲ್ಲ. ಅಲ್ಲಲ್ಲಿ ಬಿಳಿ ಬೊಕ್ಕೆ ಏಳುತ್ತದೆ, ನಡುವಿನ ಜಾಗ ಹಸಿ ಹಪ್ಪಳದ ಹಳದಿಯಲ್ಲೇ ಉಳಿಯುತ್ತದೆ. ಬೊಕ್ಕೆಯಿಂದ ಬೊಕ್ಕೆಗೆ ಸುಮಾರು 6 ಸೆಂಟಿಮೀಟರ್. ಗೋಡೆಯಿಂದ ಗೋಡೆಗೆ ಬಡಿದು ಬರುವ ಅಲೆಗಳು ಕೆಲವು ಕಡೆ ಒಂದನ್ನೊಂದು ಕೂಡಿಕೊಂಡು, ಕೆಲವು ಕಡೆ ಕಳೆದುಕೊಂಡು ನಿಂತಿರುವುದರಿಂದ ಹೀಗೆ. ಅಲೆಯುದ್ದ ಆ ಅಂತರದ ಎರಡರಷ್ಟು, ಅಂದರೆ ಸುಮಾರು 12 ಸೆಂಟಿಮೀಟರ್. ಓವನ್ನಿನ ಬೆನ್ನಿಗೆ ಬರೆದ 2450 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ 245 ಕೋಟಿ ಸಲ, ಎಂಬುದರಿಂದ ಅದನ್ನು ಗುಣಿಸಿದರೆ ಬೆಳಕಿನ ವೇಗವೇ ಹತ್ತಿರ ಹತ್ತಿರ ಬರುತ್ತದೆ. ಶಾಲೆಯ ಮೇಷ್ಟ್ರುಗಳಿಗೆ ಇಷ್ಟು ಅಗ್ಗದ ಪ್ರಯೋಗ ಇನ್ನೊಂದು ಸಿಗಲಿಕ್ಕಿಲ್ಲ. ಈ ಹಸಿ ಜಾಗಗಳ ಕಾಟ ತಪ್ಪಿಸಲೆಂದೇ ಜಪಾನಿನ ಶಾರ್ಪ್ ಕಂಪನಿ 1966ರಲ್ಲಿ ತಿರುಗುವ ತಟ್ಟೆಯ ಓವನ್ ತಂದಿತು. ಆದರೂ ತಟ್ಟೆ ತಿರುಗಿದ ಮಾತ್ರಕ್ಕೆ ಕಾಟ ಪೂರ್ತಿ ತಪ್ಪುವುದಿಲ್ಲ. ತಟ್ಟೆಯ ನಟ್ಟನಡುವೆ ಇಟ್ಟದ್ದು ನಿಂತಲ್ಲೇ ಸುತ್ತುತ್ತದೆ, ಅದಕ್ಕೇ ಬಟ್ಟಲನ್ನು ಅಂಚಿನತ್ತ ಇಡಬೇಕು, ಅರ್ಧಕ್ಕೆ ನಿಲ್ಲಿಸಿ ಕಲಕಬೇಕು.

ದೊಡ್ಡವ್ವನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನೀರಿನ ಪ್ರತಿ ಕಣಕ್ಕೂ ಒಂದು ತುದಿ ಧನ, ಒಂದು ತುದಿ ಋಣ. ಅಲೆ ದಿಕ್ಕು ಬದಲಿಸಿದ ಹಾಗೆ ಕಣವೂ ತಿರುಗಲು ನೋಡುತ್ತದೆ, ಅಕ್ಕಪಕ್ಕದ ಕಣಗಳಿಗೆ ತಾಕುತ್ತದೆ, ಆ ತಿಕ್ಕಾಟವೇ ಬಿಸಿ. ಮಂಜಿನಲ್ಲಿ ಮಾತ್ರ ಇದು ನಡೆಯುವುದಿಲ್ಲ. ಗೋಕಾಕ ಲಕ್ಷ್ಮಿ ಜಾತ್ರೆಯ ಬಸ್ಸಿನಲ್ಲಿ ಒತ್ತಿ ನಿಂತವರಿಗೆ ಹಿಂದಿನಿಂದ ಯಾರು ಎಷ್ಟು ಕೂಗಿದರೂ ತಿರುಗಲಾಗದ ಹಾಗೆ, ಮಂಜಿನ ಹರಳಿನಲ್ಲಿ ಸಿಕ್ಕಿಕೊಂಡ ಕಣಕ್ಕೆ ಅಲೆಯ ಕರೆಗೆ ಓಗೊಡಲು ಜಾಗವೇ ಇಲ್ಲ. ಅಲೆ ಮಂಜನ್ನು ಬಹುಮಟ್ಟಿಗೆ ಹಾಗೇ ದಾಟಿಹೋಗುತ್ತದೆ. ಅದೇ ಅಳತೆಯ ಅಲೆಯಿಂದ ನೀರು ಹೀರುವ ಶಕ್ತಿಗೆ ಹೋಲಿಸಿದರೆ ಶುದ್ಧ ಮಂಜು ಹೀರುವುದು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ.

ಇದರಿಂದಲೇ ಅವಾಂತರ. ಫ್ರೀಜರಿನಿಂದ ತೆಗೆದ ಗಡ್ಡೆಯ ಅಂಚಿನಲ್ಲಿ ಎಲ್ಲೋ ಒಂದು ಹನಿ ಮೊದಲು ಕರಗುತ್ತದೆ. ಆ ಹನಿ ಸುತ್ತಲಿನ ಮಂಜಿಗಿಂತ ಎಷ್ಟೋ ಪಟ್ಟು ಶಕ್ತಿ ಹೀರಿ ಬಿಸಿಯಾಗುತ್ತದೆ, ಪಕ್ಕದ್ದನ್ನು ಕರಗಿಸುತ್ತದೆ, ಅದೂ ಹೀರತೊಡಗುತ್ತದೆ. ಕರಗಿದ್ದು ಕುದಿಯುತ್ತದೆ, ಕರಗದ್ದು ಕರಗದೆ ಉಳಿಯುತ್ತದೆ. ಹೂರಣದಲ್ಲಿ ಇದು ಇನ್ನೂ ಜೋರು. ಬೆಲ್ಲ ಬೆರೆತ ನೀರು ಫ್ರೀಜರಿನ ಚಳಿಯಲ್ಲೂ ಪೂರ್ತಿ ಗಡ್ಡೆಕಟ್ಟುವುದಿಲ್ಲ, ಅಲ್ಲಲ್ಲಿ ಪಾಕವಾಗಿಯೇ ಇರುತ್ತದೆ. ಅಲೆ ಮೊದಲು ಹಿಡಿಯುವುದು ಅದನ್ನೇ. ಹೋಳಿಗೆ ಬಿಸಿ ಮಾಡಿದಾಗ ಮೇಲಿನ ಕಣಕ ಉಗುರುಬೆಚ್ಚಗಿದ್ದು ಒಳಗಿನ ಹೂರಣ ನಾಲಿಗೆ ಸುಡುವುದಕ್ಕೂ ಇದೇ ಕಾರಣ. ಮಗುವಿನ ಕೈಗೆ ಕೊಡುವ ಮೊದಲು ಮುರಿದು ನೋಡಬೇಕು.

ಮಿಲ್ ಹಿಲ್‌ನವರ ತೊಡಕೂ ಇದೇ ಜಾತಿಯದು. ಲವ್‌ಲಾಕ್ ಮ್ಯಾಗ್ನೆಟ್ರಾನಿನ ಅಲೆಯನ್ನು ಅಳತೆಯಿಟ್ಟು ಕೊಟ್ಟಾಗ ಪ್ರಾಣಿಗಳು ಸುಟ್ಟ ಗಾಯವಿಲ್ಲದೆ ಎದ್ದವು. ಬೆಲ್‌ಗ್ರೇಡಿನಿಂದ ಬಂದಿದ್ದ ರಾಡೊಸ್ಲಾವ್ ಆಂಜುಸ್ ಜೊತೆ ಸೇರಿ, ಮೈ ಶೂನ್ಯ–ಒಂದು ಡಿಗ್ರಿಗೆ ಇಳಿದ ಇಲಿಗಳನ್ನು ಮೈಕ್ರೋವೇವಿನಿಂದ ಬದುಕಿಸಿದ ಬಗ್ಗೆ 1955ರಲ್ಲಿ ಪ್ರಬಂಧ ಪ್ರಕಟಿಸಿದ. ಆ ಯಂತ್ರದಲ್ಲೇ ಒಂದು ಆಲೂಗಡ್ಡೆ ಬೇಯಿಸಿ ಮಧ್ಯಾಹ್ನದ ಊಟಕ್ಕೆ ತಿಂದೆನೆಂದು ಮುಪ್ಪಿನಲ್ಲಿ ನಗುತ್ತ ಹೇಳುತ್ತಿದ್ದ. ಭೂಮಿಯೆಲ್ಲ ಒಂದೇ ಜೀವದಂತೆ ನಡೆಯುತ್ತದೆ ಎಂಬ ಗಾಯಾ ಸಿದ್ಧಾಂತಕ್ಕೆ ಹೆಸರಾಗಿ, 2022ರಲ್ಲಿ 103 ವರ್ಷ ತುಂಬಿದ ದಿನವೇ ತೀರಿಕೊಂಡ ಲವ್‌ಲಾಕ್ ಇವನೇ. ಆದರೆ ಮಿಲ್ ಹಿಲ್‌ನವರ ಕೆಲಸ ಒಂದು ಕಡೆ ನಿಂತುಬಿಟ್ಟಿತು. ಅಂಗೈಯಗಲದ ಪ್ರಾಣಿಯಲ್ಲಿ ಗೆದ್ದದ್ದು ದೊಡ್ಡ ಪ್ರಾಣಿಗಳಲ್ಲಿ ಗೆಲ್ಲಲಿಲ್ಲ. ಮೈ ದಪ್ಪವಾದಷ್ಟೂ ಚಳಿಯನ್ನೂ ಬಿಸಿಯನ್ನೂ ಒಳಗೆ ಸಮನಾಗಿ ಮುಟ್ಟಿಸುವುದು ಕಷ್ಟ. ಆಹಾರದೊಳಗೂ ಈ ಅಲೆ ಚೆನ್ನಾಗಿ ಇಳಿಯುವುದು ಒಂದೆರಡು ಅಂಗುಲ, ಅದರಾಚೆಗೆ ಬಿಸಿ ತಾನಾಗಿಯೇ ನಿಧಾನ ಹರಡಬೇಕು.

ಓವನ್ನಿನ ಡಿಫ್ರಾಸ್ಟ್ ಗುಂಡಿ ಇದಕ್ಕೆ ಸಿಕ್ಕ ಪರಿಹಾರ, ಮತ್ತು ಅದರ ಚಾತುರ್ಯವೆಲ್ಲ ಸುಮ್ಮನಿರುವುದರಲ್ಲಿದೆ. ಸಾಮಾನ್ಯ ಓವನ್ನುಗಳಲ್ಲಿ ಆ ಗುಂಡಿ ಒತ್ತಿದರೆ ಅಲೆ ಮೆತ್ತಗಾಗುವುದಿಲ್ಲ. ಮ್ಯಾಗ್ನೆಟ್ರಾನ್ ಕೆಲ ಸೆಕೆಂಡು ಪೂರ್ತಿ ಜೋರಿನಲ್ಲಿ ಓಡಿ, ಅದಕ್ಕಿಂತ ಹೆಚ್ಚು ಹೊತ್ತು ಆರಿರುತ್ತದೆ. ಕಿವಿಗೊಟ್ಟರೆ ಗುಂಯ್ ಎಂಬ ಸದ್ದು ಬಂದು ಹೋಗುವುದು ಕೇಳುತ್ತದೆ. ಆರಿದ ಹೊತ್ತಿನಲ್ಲಿ ಕರಗಿದ ಕಡೆಯ ಬಿಸಿ ಮಂಜಿನ ಕಡೆಗೆ ಹರಿದು ಸಮವಾಗುತ್ತದೆ. ಇದು ಗೊತ್ತಿಲ್ಲದವರು "ಟೈಮ್ ಭಾಳ ಹಿಡೀತೈತಿ" ಎಂದು ಪೂರ್ತಿ ಜೋರಿಗೆ ತಿರುಗಿಸುತ್ತಾರೆ. ಕೆಲಸ ಮಾಡುತ್ತಿದ್ದುದೇ ಆ ಬಿಡುವು, ಅದನ್ನೇ ಕಿತ್ತುಹಾಕಿದ ಹಾಗಾಯಿತು.

ಅದಕ್ಕೇ ಜಾಣತನ ಫ್ರೀಜರಿಗೆ ಹಾಕುವಾಗಲೇ ಶುರುವಾಗಬೇಕು. ಹೂರಣವಾಗಲಿ ಮಟನ್ ಆಗಲಿ, ಗುಂಡು ಗಡ್ಡೆ ಮಾಡದೆ ಒಂದು ಹೊತ್ತಿಗೆ ಸಾಕಾಗುವಷ್ಟನ್ನೇ, ಬೆರಳು ದಪ್ಪದ ಚಪ್ಪಟೆ ಪೊಟ್ಟಣ ಮಾಡಿಡಬೇಕು. ಕರಗಿಸುವಾಗ ನಡುವೆ ನಿಲ್ಲಿಸಿ ಮಗುಚಿ, ಬಿಡಿಬಿಡಿಯಾದದ್ದನ್ನು ಹೊರಗೆ ತೆಗೆದಿಟ್ಟು, ಉಳಿದದ್ದನ್ನು ಮತ್ತೆ ಇಡಬೇಕು. ಓವನ್ನಿನಲ್ಲಿ ಕರಗಿಸಿದ ಮಾಂಸವನ್ನು ಆಮೇಲೆ ಮಾಡಿದರಾಯಿತೆಂದು ಇಡುವ ಹಾಗಿಲ್ಲ. ಅಂಚು ಆಗಲೇ ಬೆಚ್ಚಗಾಗಿ ಅರೆಬೆಂದಿರುತ್ತದೆ. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳಿಗೆ ಸುಗ್ಗಿ. ಕರಗಿದ ಕೂಡಲೇ ಒಲೆಗೆ ಏರಿಸಬೇಕು.

ಉಳಿದ ಅಡುಗೆ ಬಿಸಿ ಮಾಡುವಾಗ ನಡುಭಾಗ 74 ಡಿಗ್ರಿ ಮುಟ್ಟಬೇಕು ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಉಷ್ಣಮಾಪಕ ಇಟ್ಟುಕೊಂಡವರು ಅಪರೂಪ. ಮುಚ್ಚಿ ಬಿಸಿ ಮಾಡಿ, ಕಲಕಿ, ಮತ್ತೆ ಬಿಸಿ ಮಾಡಿ, ಒಂದೆರಡು ನಿಮಿಷ ಹಾಗೇ ಬಿಟ್ಟು, ನಡುವಿನಿಂದ ಹಬೆ ಏಳುತ್ತದೆಯೇ ನೋಡುವುದು ನಡೆಯುವ ದಾರಿ. ಅನ್ನದ ವಿಷಯ ಬೇರೆ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಅಣುಜೀವಿ ಬೆಳೆದು ವಿಷ ಬಿಟ್ಟಿದ್ದರೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅದು ಓವನ್ನಿನ ತಪ್ಪಲ್ಲ, ಹಿಂದಿನ ರಾತ್ರಿಯ ತಪ್ಪು.

ಅಮೆರಿಕದಲ್ಲಿ 1971ರಿಂದ ಜಾರಿಗೆ ಬಂದ ನಿಯಮ, ಓವನ್ ಹೊರಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಅದರ ಆಯುಷ್ಯದಲ್ಲೆಂದೂ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು ಎನ್ನುತ್ತದೆ. ಬಾಗಿಲು ತೆಗೆದೊಡನೆ ಅಲೆ ನಿಲ್ಲಿಸುವ ಸ್ವಿಚ್ಚು ಒಂದಲ್ಲ, ಎರಡಿರಬೇಕು. ಬಾಗಿಲ ಗಾಜಿನ ಹಿಂದಿನ ಜಾಲರಿಯ ತೂತು ಒಂದೆರಡು ಮಿಲಿಮೀಟರಿನದು, 12 ಸೆಂಟಿಮೀಟರಿನ ಅಲೆ ಅದರಲ್ಲಿ ನುಸುಳಲಾರದು, ಬೆಳಕು ನುಸುಳುತ್ತದೆ. ಅನ್ನಕ್ಕೆ "ರೇಡಿಯೇಶನ್ ಹತ್ತುತ್ತದೆ" ಎಂಬ ಭಯಕ್ಕೆ ಆಧಾರವಿಲ್ಲ, ಓವನ್ ಆರಿದ ಕ್ಷಣ ಅಲೆಯೂ ಇಲ್ಲ. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಕೂಡದಿದ್ದರೆ ಮಾತ್ರ ಬಳಸಬಾರದು. ಹೆದರಬೇಕಾದದ್ದು ಇನ್ನೊಂದಿದೆ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು. ಮಿಕ್ಸರ್ ಬಿಚ್ಚಿದ ಧೈರ್ಯದಲ್ಲಿ ಇದನ್ನು ಬಿಚ್ಚಕೂಡದು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಲೂ ಕೂಡದು.

ನಮ್ಮ ಅಡುಗೆಮನೆಯ ತೊಡಕು ಸ್ಟೀಲು. ಡಬ್ಬಿ, ಗಂಗಾಳ, ಚಮಚ ಎಲ್ಲವೂ ಸ್ಟೀಲೇ. ಅಲೆಗೆ ಲೋಹ ಕನ್ನಡಿ, ಡಬ್ಬಿಯೊಳಗಿನ ಪಲ್ಯಕ್ಕೆ ಬಿಸಿ ಸರಿಯಾಗಿ ಮುಟ್ಟುವುದೂ ಇಲ್ಲ, ಚೂಪಾದ ಅಂಚಿನಲ್ಲಿ ಕಿಡಿ ಬೇರೆ. ಬಂಗಾರದ ಗೆರೆಯ ಪಿಂಗಾಣಿಯಲ್ಲೂ ಅದೇ. ಸೈನಿಕರ ಊಟಕ್ಕೆ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ರೀತಿಯ ಸಿದ್ಧ ಅಡುಗೆಯ ಪೊಟ್ಟಣಗಳು ಈಗ ಅಂಗಡಿಯಲ್ಲೂ ಸಿಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಹಾಳೆ ಇರುತ್ತದೆ, ಬಟ್ಟಲಿಗೆ ಸುರುವಿಕೊಂಡೇ ಬಿಸಿ ಮಾಡಬೇಕು. ಐಸ್‌ಕ್ರೀಮ್, ಮೊಸರಿನ ತೆಳು ಪ್ಲಾಸ್ಟಿಕ್ ಡಬ್ಬಿಗಳು ಇದಕ್ಕಲ್ಲ. ಗಾಜಿನ ಲೋಟದಲ್ಲಿ ಬರೀ ನೀರು ಕಾಯಿಸಿದರೆ ಕುದಿಯದೆಯೇ ನೂರು ಡಿಗ್ರಿ ದಾಟಿರಬಹುದು, ಚಹಾಪುಡಿ ಹಾಕಿದೊಡನೆ ಉಕ್ಕಿ ಕೈಮೇಲೆ ಬರುತ್ತದೆ. ಮೊದಲೇ ಒಂದು ಕಟ್ಟಿಗೆಯ ಚಮಚ ಇಟ್ಟಿದ್ದರೆ ಆ ಅಪಾಯ ಕಡಿಮೆ.

ಇನ್ನು ಕರೆಂಟು. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾಗಿ ವೋಲ್ಟೇಜ್ ಇಳಿದಾಗ ಹಳೆ ಮಾದರಿಯ ಓವನ್ನಿನ ಕಸುವೂ ಇಳಿಯುತ್ತದೆ. ಬೆಂಗಳೂರಿನ ಮಗಳು ಫೋನಿನಲ್ಲಿ ಹೇಳಿದ ಎರಡು ನಿಮಿಷ ಇಲ್ಲಿಗೆ ಸಾಲದಿರಬಹುದು, ಗಡಿಯಾರ ನೋಡುವುದಕ್ಕಿಂತ ಬಟ್ಟಲು ನೋಡುವುದು ಲೇಸು. ಕರಗಿಸುವ ನಡುವೆಯೇ ಕರೆಂಟು ಹೋದರೆ ಬಾಗಿಲು ಮುಚ್ಚಿ ಕಾಯುತ್ತ ಕೂರಬಾರದು. ಅರ್ಧ ಕರಗಿದ ಮಟನ್ನನ್ನು ತಿರುಗಿ ಫ್ರೀಜರಿಗೂ ಹಾಕಬಾರದು. ನೀರಿಟ್ಟು, ಅರಿಷಿಣ ಉಪ್ಪು ಹಾಕಿ, ಗ್ಯಾಸ್ ಹಚ್ಚಿ ಆಗಲೇ ಬೇಯಿಸಿಬಿಡಬೇಕು. ಬೆಂದದ್ದನ್ನು ಬೇಕಾದರೆ ಆರಿಸಿ ಆಮೇಲೆ ಫ್ರೀಜರಿನಲ್ಲಿಡಬಹುದು.